ಆನೆಗೆ ನಿಂತ ಲಾರಿ ಸೈಕಲ್‌ಗೆ ಯಾಕೆ ನಿಲ್ಲಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಸೈಕಲ್ ಹೊಡೀತಾ ಇದನ್ನ ಕೇಳ್ತಿದ್ರೆ ಮೊದಲು ಅದನ್ನ ತೆಗೀರಿ. ಮನೆಗೆ ಹೋದ್ಮೇಲೆ ಕೇಳಿ, ಸಂಚಿಕೆ ಎಲ್ಲೂ ಓಡಿಹೋಗಲ್ಲ. ಯಾಕಂದ್ರೆ ಇವತ್ತಿನ ವಿಷಯವೇ ಅದು. ಸೈಕಲ್ಲು, ಮತ್ತೆ ಅದರ ಪಕ್ಕದಲ್ಲೇ ಹೋಗೋ ಲಾರಿ.

ಒಂದು ನಂಬರಿಂದ ಶುರು ಮಾಡ್ತೀನಿ. 766. ರಾಷ್ಟ್ರೀಯ ಹೆದ್ದಾರಿ 766. ಕಲ್ಲಿಕೋಟೆಯಿಂದ ಹೊರಟು, ಘಾಟಿ ಹತ್ತಿ ವಯನಾಡಿಗೆ ಬಂದು, ಬಂಡೀಪುರದ ಕಾಡು ದಾಟಿ, ಗುಂಡ್ಲುಪೇಟೆ, ನಂಜನಗೂಡು, ಮೈಸೂರು ಮುಗಿಸಿ, ಅಲ್ಲಿಂದ ಟಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತೆ. ಇದರ ಹಳೇ ನಂಬರು 212. ನಂಜನಗೂಡಿನವರಿಗೆ ಇದು ಊಟಿ ರಸ್ತೆ, ನರಸೀಪುರದವರಿಗೆ ಕೊಳ್ಳೇಗಾಲದ ರಸ್ತೆ. ಎರಡೂ ಊರಿನವರು ಅದು ಬೇರೆ, ಇದು ಬೇರೆ ಅಂದ್ಕೊಂಡಿರ್ತಾರೆ. ಕಾಗದದ ಮೇಲೆ ಒಂದೇ ರಸ್ತೆ. ಈ ಒಂದೇ ರಸ್ತೆ ಅನ್ನೋದು ನೆನಪಿರ್ಲಿ, ಆಮೇಲೆ ಬೇಕಾಗುತ್ತೆ.

ಈ ರಸ್ತೆ ಮೇಲೆ ಯಾರು ಸೈಕಲ್ ಹೊಡೀತಾರೆ? ಹೆಲ್ಮೆಟ್, ಟೈಟ್ ಪ್ಯಾಂಟು, ಭಾನುವಾರ ಬೆಳಿಗ್ಗೆ ನಂದಿಬೆಟ್ಟ, ಆ ಗುಂಪಲ್ಲ ನಾನು ಹೇಳ್ತಿರೋದು. ಅವರ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಸೈಕಲ್ ಅಂದ ತಕ್ಷಣ ನಮ್ಮ ಪೇಪರು, ಟಿವಿ ಎಲ್ಲಾ ಅವರನ್ನೇ ತೋರಿಸ್ತವೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಗೇಟುಗಳ ಮುಂದೆ, ತಾಂಡವಪುರದ ಹತ್ತಿರ ಶಿಫ್ಟ್ ಬಿಡೋ ಹೊತ್ತಲ್ಲಿ ನಿಂತು ನೋಡಿ. ಕಂಪನಿ ಬಸ್ಸು ಇರೋದು ಹೆಚ್ಚಾಗಿ ಪರ್ಮನೆಂಟ್ ನೌಕರರಿಗೆ. ಕಾಂಟ್ರಾಕ್ಟ್ ಮೇಲೆ ಇರೋರು, ಕ್ಯಾಂಟೀನಲ್ಲಿ ಪಾತ್ರೆ ತೊಳೆಯೋರು, ಸೆಕ್ಯೂರಿಟಿ ಕೆಲಸದ ವಯಸ್ಸಾದೋರು, ಅವರಲ್ಲಿ ಸೈಕಲ್ ತುಳಿಯೋರು ಸಿಗ್ತಾರೆ. ನರಸೀಪುರದ ಕಡೆ ಹೋದ್ರೆ ಡೈರಿಗೆ ಹಾಲಿನ ಕ್ಯಾನ್ ತಗುಲಿಸಿಕೊಂಡು ಹೋಗೋರು, ಗದ್ದೆಗೆ ನೀರು ತಿರುಗಿಸೋಕೆ ಹೋಗೋರು, ಗರ್ಗೇಶ್ವರಿ ಕಡೆಯಿಂದ ಊರಿನ ಸ್ಕೂಲಿಗೆ, ಕಾಲೇಜಿಗೆ ಬರೋ ಮಕ್ಕಳು.

ಆ ಮಕ್ಕಳ ವಿಷಯಕ್ಕೆ ಸ್ವಲ್ಪ ನಿಲ್ತೀನಿ. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಫ್ರೀ ಸೈಕಲ್ ಕೊಡೋಕೆ ಶುರು ಮಾಡ್ತು. ನೀವು ಹಳ್ಳಿ ಕಡೆಯವರಾದ್ರೆ ನಿಮಗೋ ನಿಮ್ಮ ಅಕ್ಕನಿಗೋ ಸಿಕ್ಕಿರುತ್ತೆ. ಕೋವಿಡ್ ಹೊತ್ತಿಗೆ ನಿಂತೋಯ್ತು. ಒಳ್ಳೇ ಯೋಜನೆ, ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸಿದ್ದು ಆ ಸೈಕಲ್ ಮೇಲೆ. ಆದ್ರೆ ಹದಿಮೂರು ವರ್ಷದ ಹುಡುಗಿ ಕೈಗೆ ಸೈಕಲ್ ಕೊಟ್ಟ ಸರ್ಕಾರ, ಅವಳು ಅದನ್ನ ಯಾವ ರಸ್ತೆ ಮೇಲೆ, ಯಾವ ಗಾಡಿ ಪಕ್ಕದಲ್ಲಿ ತುಳೀತಾಳೆ ಅಂತ ಕೇಳಲೇ ಇಲ್ಲ.

ಪಕ್ಕದಲ್ಲಿ ಏನು ಹೋಗುತ್ತೆ? ಕಬ್ಬಿನ ಕಾಲದಲ್ಲಿ ಅಳಗಂಚಿ ಸಕ್ಕರೆ ಕಾರ್ಖಾನೆ ಕಡೆಗೆ ಕಬ್ಬಿನ ಲಾರಿ, ಟ್ರ್ಯಾಕ್ಟರು. ಗುಂಡ್ಲುಪೇಟೆ ಕಡೆಯಿಂದ ಕೇರಳಕ್ಕೆ ತರಕಾರಿ. ಫ್ಯಾಕ್ಟರಿಗಳಿಗೆ ಕಂಟೈನರ್. ಇವೆಲ್ಲಕ್ಕಿಂತ ಜನ ಹೆದರೋದು ಟಿಪ್ಪರ್‌ಗೆ. ನದಿ ಮರಳು, ಎಂ-ಸ್ಯಾಂಡ್, ಜಲ್ಲಿ, ಮಣ್ಣು. ಟಿಪ್ಪರ್ ದುಡ್ಡು ಮಾಡೋದು ಟ್ರಿಪ್ ಲೆಕ್ಕದಲ್ಲಿ. ದಿನಕ್ಕೆ ಒಂದು ಟ್ರಿಪ್ ಜಾಸ್ತಿ ಆದ್ರೆ ಅಷ್ಟು ಲಾಭ. ಹಾಗಾಗಿ ಅದರ ವೇಗ ಡ್ರೈವರಿನ ಸ್ವಭಾವದಲ್ಲಿಲ್ಲ, ಅವನಿಗೆ ಸಂಬಳ ಕೊಡೋ ರೀತಿಯಲ್ಲಿದೆ.

ಈಗ ಸ್ವಲ್ಪ ಟೆಕ್ನಿಕಲ್ ಆಗೋಣ. ಲಾರಿ ಸೈಕಲ್ಲನ್ನ ಹೇಗೆ ಕೊಲ್ಲುತ್ತೆ? ಹಿಂದಿಂದ ಬಂದು ಗುದ್ದುತ್ತೆ ಅಂದ್ಕೊಂಡಿರ್ತೀವಿ. ಅದೂ ಆಗುತ್ತೆ. 60 ಕಿಲೋಮೀಟರ್ ಸ್ಪೀಡಲ್ಲಿರೋ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರ್ ದಾಟುತ್ತೆ. ಡ್ರೈವರ್ ನೋಡಿ, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿದ್ರೂ 25 ಮೀಟರ್ ಆಗೋಯ್ತು. ಇನ್ನೂ ಬ್ರೇಕೇ ಹಿಡಿದಿಲ್ಲ. ಓವರ್‌ಲೋಡ್ ಇದ್ರೆ ಹಿಡಿದ ಮೇಲೂ ಬೇಗ ನಿಲ್ಲಲ್ಲ.

ಆದ್ರೆ ಊರೊಳಗೆ, ನಿಧಾನವಾಗಿ ಹೋಗ್ತಿರೋ ಲಾರಿ ಕೂಡ ಕೊಲ್ಲುತ್ತೆ. ನಮ್ಮಲ್ಲಿ ಡ್ರೈವರ್ ಕೂರೋದು ಬಲಗಡೆ. ಸೈಕಲ್ ಇರೋದು ರಸ್ತೆ ಎಡ ಅಂಚಲ್ಲಿ. ಲಾರಿ ಕ್ಯಾಬಿನ್ ಎತ್ತರದಿಂದ ನೋಡಿದ್ರೆ ಎಡ ಬಾಗಿಲ ಕೆಳಗಿನ ಜಾಗ, ಮುಂದಿನ ಬಂಪರಿಗೆ ಅಂಟಿದ ಜಾಗ, ಎರಡೂ ಕಾಣಲ್ಲ. ಒಬ್ಬ ಹುಡುಗ ಸೈಕಲ್ ಸಮೇತ ಅಲ್ಲಿ ಮಾಯ ಆಗಬಹುದು. ಲಾರಿ ಎಡಕ್ಕೆ ತಿರುಗಿದಾಗ ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗಲ್ಲ, ಒಳಗಡೆ ಕತ್ತರಿಸಿಕೊಂಡು ಬರುತ್ತೆ. ಮುಂದಿನ ಚಕ್ರ ದಾಟಿತಲ್ಲ, ಬಚಾವ್ ಅಂದ್ಕೊಂಡವನನ್ನ ಹಿಂದಿನ ಚಕ್ರ ಎಳ್ಕೊಳ್ಳುತ್ತೆ.

ಹಿಂದೆ ಆ ಎಡಗಡೆಗೆ ಒಬ್ಬ ಮನುಷ್ಯ ಇರ್ತಿದ್ದ. ಕ್ಲೀನರ್. ಬಾಗಿಲಿಂದ ತಲೆ ಆಚೆ ಹಾಕಿ, ತಗಡಿನ ಮೇಲೆ ಕೈ ಬಡಿದು 'ಸೈಕಲ್ ಐತೆ, ಸೈಕಲ್ ಐತೆ' ಅಂತ ಕೂಗ್ತಿದ್ದ. ಡೀಸೆಲ್ ಖರ್ಚು, ಕಂತಿನ ಖರ್ಚು ಅಂತ ಸುಮಾರು ಲಾರಿಗಳಲ್ಲಿ ಈಗ ಕ್ಲೀನರ್ ಇಲ್ಲ. ಅವನ ಜಾಗಕ್ಕೆ ಕನ್ನಡಿಯೂ ಬರಲಿಲ್ಲ, ಕ್ಯಾಮೆರಾನೂ ಬರಲಿಲ್ಲ.

ಇನ್ನೊಂದು, ಲಾರಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಮಧ್ಯೆ ಬಾಯಿ ತೆರೆದ ಹಾಗೆ ಒಂದು ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಕಂಬಿ ಅಥವಾ ತಗಡಿನ ತಡೆ ಇರಬೇಕು. ಬಿದ್ದವರು ಒಳಗೆ ಹೋಗದೆ ಆಚೆಗೇ ಬೀಳಲಿ ಅಂತ. ಭಾರತದಲ್ಲಿ ಅದಕ್ಕೊಂದು ಮಾನಕ ಇದೆ, ಐಎಸ್ 14682. ಅಂದ್ರೆ ಇದು ಎಲ್ಲೋ ಲಂಡನ್ನಿಂದ ತರಿಸಬೇಕಾದ ಐಡಿಯಾ ಅಲ್ಲ. ರಸ್ತೆ ಬದಿ ನಿಂತು ಹತ್ತು ಟಿಪ್ಪರ್ ನೋಡಿ. ಎಷ್ಟರಲ್ಲಿ ಆ ತಡೆ ಇದೆ, ಎಷ್ಟರಲ್ಲಿ ಬಗ್ಗಿ ನೇತಾಡ್ತಿದೆ, ಎಷ್ಟರಲ್ಲಿ ಬಿಚ್ಚಿ ಹಾಕಿದ್ದಾರೆ ಅಂತ ನೀವೇ ಎಣಿಸಿ.

ಲಂಡನ್ ಮಾತು ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಅಲ್ಲಿ 2015ರಿಂದ 2017ರವರೆಗಿನ ಲೆಕ್ಕ. ರಸ್ತೆ ಮೇಲಿನ ಓಡಾಟದಲ್ಲಿ ದೊಡ್ಡ ಲಾರಿಗಳ ಪಾಲು ನೂರಕ್ಕೆ 4. ಸೈಕಲ್ ಸವಾರರು ಸತ್ತ ಅಪಘಾತಗಳಲ್ಲಿ ಅವುಗಳ ಪಾಲು ನೂರಕ್ಕೆ 63. ಸೈಕಲ್ ತುಳಿಯೋರು ವರ್ಷಗಟ್ಟಲೆ ಬೀದಿಗಿಳಿದು ಗಲಾಟೆ ಮಾಡಿದ್ರು. 2015ರ ಸೆಪ್ಟೆಂಬರಿಂದ ಪಕ್ಕದ ತಡೆ, ಹೆಚ್ಚುವರಿ ಕನ್ನಡಿ ಇಲ್ಲದ ಲಾರಿ ನಗರದೊಳಗೆ ಬರಂಗಿಲ್ಲ ಅಂತಾಯ್ತು. 2021ರಿಂದ ಡ್ರೈವರ್ ಸೀಟಿಂದ ಎಷ್ಟು ಕಾಣುತ್ತೆ ಅನ್ನೋದಕ್ಕೆ ಸ್ಟಾರ್ ಕೊಟ್ಟು, ಸ್ಟಾರ್ ಕಮ್ಮಿ ಇದ್ರೆ ಹೆಚ್ಚುವರಿ ಸುರಕ್ಷತಾ ಸಾಧನ ಹಾಕಿಸದೆ ಪರ್ಮಿಟ್ ಇಲ್ಲ ಅಂದ್ರು. ನಮ್ಮ ದೇಶದ ಲೆಕ್ಕ ಹೇಳೋದಾದ್ರೆ, 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಸೈಕಲ್ ಮೇಲಿದ್ದೋರು ನೂರಕ್ಕೆ ಸುಮಾರು ಮೂರು. ಸಣ್ಣ ಪಾಲು ಅನ್ಸುತ್ತೆ, ಆದ್ರೆ ತಲೆ ಎಣಿಸಿದ್ರೆ ಐದು ಸಾವಿರದ ಹತ್ತಿರ.

ಸರಿ, ಈಗ ಆ ಒಂದೇ ರಸ್ತೆ ವಿಷಯಕ್ಕೆ ಬರೋಣ.

ಇದೇ 766ರಲ್ಲಿ, ಬಂಡೀಪುರದ ಕಾಡೊಳಗೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗಾಡಿ ಬಿಡಲ್ಲ. ಆಂಬುಲೆನ್ಸು, ಲೆಕ್ಕದ ಕೆಲವು ಬಸ್ಸು ಬಿಟ್ರೆ ಎಲ್ಲಾ ನಿಲ್ಲಬೇಕು. 2009ರ ಜೂನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಆದೇಶ ಮಾಡಿದ್ರು. ರಾತ್ರಿ ಹೊತ್ತು ಗಾಡಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆ ಸಾಯ್ತಿವೆ ಅಂತ. ಒತ್ತಡ ಬಂದು ಕೆಲವೇ ದಿನದಲ್ಲಿ ಆದೇಶ ವಾಪಸ್ ಆಯ್ತು. ವಿಷಯ ಹೈಕೋರ್ಟಿಗೆ ಹೋಯ್ತು, 2010ರ ಮಾರ್ಚಲ್ಲಿ ಕೋರ್ಟು ನಿಷೇಧವನ್ನ ಎತ್ತಿಹಿಡೀತು. ಕೇರಳ ಸುಪ್ರೀಂ ಕೋರ್ಟಿಗೆ ಹೋಯ್ತು, ವಯನಾಡಲ್ಲಿ ದೊಡ್ಡ ಹೋರಾಟ ಆಯ್ತು. ಅದೆಲ್ಲಾ ನಿಮಗೆ ಗೊತ್ತು.

ನಾನು ಹೇಳಬೇಕಿರೋದು ಆ ಆದೇಶ ಯಾವ ಕಾನೂನಿನ ಮೇಲೆ ನಿಂತಿತ್ತು ಅನ್ನೋದು. ಮೋಟಾರು ವಾಹನ ಕಾಯ್ದೆ 1988ರ ಕಲಂ 115, ಜೊತೆಗೆ ಕರ್ನಾಟಕ ಮೋಟಾರು ವಾಹನ ನಿಯಮಗಳು 1989ರ 221ಎ(5). ಕಲಂ 115 ಹೇಳೋದು ಇಷ್ಟು: ಸಾರ್ವಜನಿಕರ ಸುರಕ್ಷತೆಗಾಗಿ, ಇಲ್ಲಾ ರಸ್ತೆ-ಸೇತುವೆಯ ಸ್ಥಿತಿಯ ಕಾರಣಕ್ಕೆ, ಒಂದು ಜಾಗದಲ್ಲಿ ಅಥವಾ ಒಂದು ರಸ್ತೆಯಲ್ಲಿ ಯಾವುದೇ ಬಗೆಯ ವಾಹನವನ್ನ ತಡೀಬಹುದು, ಮಿತಿ ಹಾಕಬಹುದು. ಪ್ರಾಣಿಗಳ ಹೆಸರೇ ಅದರಲ್ಲಿಲ್ಲ. ಅದು ಬರೆದಿರೋದೇ ಮನುಷ್ಯರಿಗೆ. ನೋಡಿ, ಮನುಷ್ಯರಿಗಾಗಿ ಬರೆದ ಕಲಂ ಕಾಡಲ್ಲಿ ಆನೆಗೆ ಉಪಯೋಗಕ್ಕೆ ಬಂತು. ಬರ್ಲಿ, ಅದು ಬೇಕಾಗಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಅದೇ ರಸ್ತೆಯಲ್ಲಿ ಕಾಡು ಮುಗಿದು ಊರು ಶುರುವಾದ ಮೇಲೆ, ಬೆಳಿಗ್ಗೆ ಒಂಬತ್ತಕ್ಕೆ ಸೈಕಲ್ ಮೇಲೆ ಸ್ಕೂಲಿಗೆ ಹೋಗೋ ಮಗುವಿಗೆ ಅದು ಯಾಕೆ ಬರಲ್ಲ?

ಆಗಲ್ಲ ಕಣ್ರೀ, ನ್ಯಾಷನಲ್ ಹೈವೇ ಅದು, ಲಾರಿ ನಿಲ್ಲಿಸೋಕಾಗುತ್ತಾ ಅಂತ ಹೇಳೋರು ಸಿಗ್ತಾರೆ. ಅವರಿಗೆ ನೆನಪು ಮಾಡಿ. ನಂಜನಗೂಡಲ್ಲಿ ದೊಡ್ಡ ಜಾತ್ರೆ ದಿನ, ಪಂಚರಥ ಎಳೆಯೋ ಹೊತ್ತಿಗೆ, ದೊಡ್ಡ ಗಾಡಿಗಳನ್ನೆಲ್ಲಾ ಬೇರೆ ದಾರಿಗೆ ತಿರುಗಿಸ್ತಾರೆ. ನರಸೀಪುರದ ತ್ರಿವೇಣಿ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೀತಾ ಬಂದಿದೆ, 2025ರ ಫೆಬ್ರವರಿಯಲ್ಲೂ ಆಯ್ತು. ಆಗಲೂ ಬ್ಯಾರಿಕೇಡು, ಬೋರ್ಡು, ಪೊಲೀಸ್ನೋರು, ಬದಲಿ ದಾರಿ, ಎಲ್ಲಾ ಸಿದ್ಧ. ಲಾರಿ ಮಾಲೀಕರಿಗೆ ಮೊದಲೇ ಗೊತ್ತಿರುತ್ತೆ, ಯಾರೂ ಮುಳುಗಿಹೋಗಿಲ್ಲ.

ಹಾಗಾದ್ರೆ ಏನು ಕೇಳಬೇಕು? ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದಿದ್ರೆ ಬರೀರಿ. ಎಲ್ಲಾ ಲಾರಿ ಬಂದ್ ಅಂತ ಕೇಳಬಾರದು. ಅದು ಆಗಲ್ಲ, ಆಗಲೂಬಾರದು. ಕೇರಳಕ್ಕೆ ಹೋಗೋ ತರಕಾರಿ ಲಾರಿಗೆ ಬಂಡೀಪುರದ ಗೇಟಿನ ಟೈಮು ಹಿಡೀಬೇಕು, ಅದರ ಕಷ್ಟ ಬೇರೆ. ಅಂಥ ದೂರದ ಗಾಡಿಗಳಿಗೆ ಊರು ದಾಟೋವರೆಗೆ ಸ್ಪೀಡ್ ಮಿತಿ ಸಾಕು. ಕಲಂ 112ರಲ್ಲಿ ಅದಕ್ಕೂ ಅವಕಾಶ ಇದೆ. ಟಿಪ್ಪರ್ ಹಾಗಲ್ಲ. ಹೆಚ್ಚಾಗಿ ಪಕ್ಕದ ಕ್ವಾರಿಯಲ್ಲಿ ತುಂಬ್ಕೊಂಡು ಪಕ್ಕದ ಊರಲ್ಲಿ ಸುರಿಯೋ ಗಾಡಿ ಅದು. ಬೆಳಿಗ್ಗೆ ಎಂಟರಿಂದ ಹತ್ತು, ಸಂಜೆ ಮೂರೂವರೆಯಿಂದ ಆರು, ಈ ಹೊತ್ತಲ್ಲಿ ಜಲ್ಲಿ, ಮರಳು, ಮಣ್ಣಿನ ಟಿಪ್ಪರ್ ಊರಿನ ಹದ್ದಿನೊಳಗೆ ಬರಂಗಿಲ್ಲ. ನಂಜನಗೂಡಲ್ಲಿ ತಾಂಡವಪುರದಿಂದ ಪೇಟೆವರೆಗೆ, ನರಸೀಪುರದಲ್ಲಿ ಗರ್ಗೇಶ್ವರಿಯಿಂದ ಊರು ದಾಟಿ ಕುರುಬೂರಿನವರೆಗೆ. ಕುರುಬೂರು ನೆನಪಿದೆಯಲ್ಲ? 2023ರ ಮೇ 29ರಂದು ಖಾಸಗಿ ಬಸ್ಸಿಗೂ ಇನ್ನೋವಾ ಕಾರಿಗೂ ಡಿಕ್ಕಿಯಾಗಿ ಹತ್ತು ಜನ ತೀರಿಕೊಂಡ ಜಾಗ. ಅಲ್ಲಿ ಸೈಕಲ್ ಇರಲಿಲ್ಲ, ಲಾರಿಯೂ ಇರಲಿಲ್ಲ. ಕಾರಿನಲ್ಲಿದ್ದೋರ ಗತಿಯೇ ಹಾಗಾದ್ರೆ ಸೈಕಲ್ ಮೇಲಿರೋರ ಗತಿ ಯೋಚನೆ ಮಾಡಿ.

ಈಗ ಕಲಂ 115ರಲ್ಲಿ ನನಗೆ ತುಂಬಾ ಇಷ್ಟವಾದ ಸಾಲಿಗೆ ಬರ್ತೀನಿ. ನಿರ್ಬಂಧ ಒಂದು ತಿಂಗಳು ಮೀರದಿದ್ರೆ ಗೆಜೆಟ್ ಅಧಿಸೂಚನೆಯೇ ಬೇಡ, ಸ್ಥಳೀಯವಾಗಿ ಜನರಿಗೆ ತಿಳಿಸಿದ್ರೆ ಸಾಕು ಅಂತ ಅದರಲ್ಲೇ ಬರೆದಿದೆ. ಅಂದ್ರೆ ಜೂನಲ್ಲಿ ಸ್ಕೂಲು ಶುರುವಾದಾಗ ಒಂದೇ ಒಂದು ತಿಂಗಳು ಮಾಡಿ ನೋಡಿ ಅಂತ ಕೇಳಬಹುದು. ಶಾಶ್ವತ ಅಂದ ತಕ್ಷಣ ಎಲ್ಲರೂ ಗಾಬರಿ ಬೀಳ್ತಾರೆ, ಕೋರ್ಟು, ಸ್ಟೇ, ಮನವಿ ಶುರುವಾಗುತ್ತೆ. ಒಂದು ತಿಂಗಳಿಗೆ ಯಾರು ಸ್ಟೇ ತರ್ತಾರೆ? ಆ ತಿಂಗಳಲ್ಲಿ ಏನಾಯ್ತು ಅನ್ನೋ ಲೆಕ್ಕ ಕೈಗೆ ಸಿಗುತ್ತೆ. ಮುಂದಿನ ಮಾತು ಆ ಲೆಕ್ಕ ಇಟ್ಕೊಂಡು ಆಡಬಹುದು.

ಡ್ರೈವರ್‌ಗಳ ಬಗ್ಗೆ ಒಂದು ಮಾತು. ಅಪಘಾತ ಆದ ತಕ್ಷಣ ಅವನನ್ನ ಎಳೆದು ಹೊಡೆಯೋದು ನಮ್ಮಲ್ಲಿ ಪದ್ಧತಿ ಆಗ್ಬಿಟ್ಟಿದೆ. ಅದಕ್ಕೇ ಅವನು ಓಡಿಹೋಗ್ತಾನೆ, ಬಿದ್ದವನು ರಸ್ತೆಯಲ್ಲೇ ಉಳೀತಾನೆ. ಹೊಸ ನ್ಯಾಯ ಸಂಹಿತೆಯ 106(2)ರಲ್ಲಿ, ತಿಳಿಸದೆ ಓಡಿಹೋದ್ರೆ ಹತ್ತು ವರ್ಷದವರೆಗೆ ಜೈಲು ಅಂತ ಇತ್ತು. 2024ರ ಜನವರಿಯಲ್ಲಿ ಲಾರಿಯವರು ದೇಶಾದ್ಯಂತ ಮುಷ್ಕರ ಹೂಡಿದ್ರು. ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಒಂದು ಭಾಗವನ್ನ ಪಕ್ಕಕ್ಕಿಟ್ರು. ಶಿಕ್ಷೆ ಜಾಸ್ತಿ ಮಾಡೋದರಿಂದ ಎಡಗಡೆ ಕನ್ನಡಿ ಹುಟ್ಟಲ್ಲ. ಟಿಪ್ಪರ್ ನಿಲ್ಲಿಸೋ ಎರಡು ಗಂಟೆಗೆ ನೆರಳಿರೋ ಒಂದು ಜಾಗ, ಒಂದು ಶೌಚಾಲಯ, ಒಂದು ಟೀ ಅಂಗಡಿ ಇರ್ಲಿ ಅಂತಾನೂ ನಮ್ಮ ಅರ್ಜಿಯಲ್ಲೇ ಸೇರಿಸೋಣ. ಆಗ ಡ್ರೈವರ್ ಸಂಘದೋರೂ ಸಹಿ ಹಾಕಬಹುದು. ನನ್ನ ಲೆಕ್ಕದಲ್ಲಿ ಆ ಸಹಿ ನೂರು ಸಹಿಗೆ ಸಮ.

ಅರ್ಜಿ ಯಾರಿಗೆ? ಮೈಸೂರು ಜಿಲ್ಲಾಧಿಕಾರಿಗೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅವರೇ ಅಧ್ಯಕ್ಷರು. ಪ್ರತಿಗಳು ಎಸ್‌ಪಿ ಕಚೇರಿಗೆ, ಆರ್‌ಟಿಒಗೆ, ತಹಶೀಲ್ದಾರ್‌ಗೆ. ಲಾರಿ ಹಾವಳಿ ತಪ್ಪಿಸಿ ಅಂತ ಸುಮ್ನೆ ಬರೆದ್ರೆ ಫೈಲಲ್ಲಿ ಮಲಗುತ್ತೆ. ರಸ್ತೆ ಯಾವುದು, ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಗೆ, ಯಾವ ಬಗೆಯ ಗಾಡಿ, ಯಾವ ಕಲಂ, ಎಷ್ಟು ದಿನ, ಇಷ್ಟು ಬರೆದ್ರೆ ಅಧಿಕಾರಿ ಉತ್ತರ ಕೊಡಲೇಬೇಕಾದ ಕಾಗದ ಆಗುತ್ತೆ. ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳದೆ ಬರಬೇಡಿ.

ಅದರ ಜೊತೆ ಒಂದು ಎಣಿಕೆ ಇರ್ಲಿ. ಸ್ಕೂಲ್ ಗೇಟಿನ ಎದುರು, ಸುರಕ್ಷಿತವಾಗಿ ಒಳಗಡೆ ನಿಂತು, ಮೂರು ದಿನ, ದಿನಕ್ಕೆ ಒಂದು ಗಂಟೆ. ಎಷ್ಟು ಸೈಕಲ್, ಎಷ್ಟು ಟಿಪ್ಪರ್, ಎಷ್ಟಕ್ಕೆ ಪಕ್ಕದ ತಡೆ ಇಲ್ಲ, ಎಷ್ಟರ ಲೋಡಿಗೆ ಟಾರ್ಪಾಲ್ ಇಲ್ಲ. ಫೋನಿನ ನೋಟ್ಸಲ್ಲಿ ಗೀಟು ಹಾಕಿದ್ರೂ ಆಯ್ತು. ಮಕ್ಕಳ ಮುಖ, ಡ್ರೈವರ್ ಮುಖ ವಿಡಿಯೋ ಮಾಡಿ ಸ್ಟೇಟಸ್ ಹಾಕಬೇಡಿ, ಅದರಿಂದ ಜಗಳ ಹುಟ್ಟುತ್ತೆ ಹೊರತು ಆದೇಶ ಹುಟ್ಟಲ್ಲ. ಓವರ್‌ಲೋಡ್ ಕಂಡ್ರೆ ಅದನ್ನೂ ಬರೀರಿ. ಕಲಂ 194ರಲ್ಲಿ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್ನಿಗೆ 2,000. ಆದ್ರೆ ತೂಕ ಹಾಕಿಸೋರು ಬೇಕು.

ಕೆಟ್ಟ ಮಾತು, ಆದ್ರೂ ಹೇಳಬೇಕು. ಯಾರಿಗಾದ್ರೂ ಏಟಾದ್ರೆ ಆಸ್ಪತ್ರೆಗೆ ಸೇರಿಸಿದವರನ್ನ ಪೊಲೀಸರು ಸತಾಯಿಸಂಗಿಲ್ಲ, ಕಲಂ 134ಎ ಇದೆ. 2025ರ ಮೇ ತಿಂಗಳಿಂದ, ಗಾಡಿಯಿಂದ ಆದ ಅಪಘಾತದಲ್ಲಿ ಗಾಯಗೊಂಡವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗೋ ಕೇಂದ್ರದ ಯೋಜನೆ ಇದೆ. ಸೈಕಲ್ ಸವಾರರಿಗೂ ಅನ್ವಯ. ಗುದ್ದಿದ ಗಾಡಿ ಯಾವುದು ಅಂತಾನೇ ಗೊತ್ತಾಗದಿದ್ರೆ, ಸತ್ತವರ ಮನೆಯವರಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000. 2022ರ ಏಪ್ರಿಲ್ 1ರಿಂದ ಈ ಮೊತ್ತ. ಅರ್ಜಿ ತಾಲ್ಲೂಕು ಮಟ್ಟದಲ್ಲೇ, ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಲಾರಿ ಸಿಗಲಿಲ್ಲ, ಇನ್ನೇನು ಮಾಡೋದು ಅಂತ ಕೈಬಿಟ್ಟ ಮನೆಗಳಿಗೆ ಇದು ಗೊತ್ತಿರಲ್ಲ.

ಕೊನೆಗೊಂದು ಆಸೆ, ಅರ್ಜಿಯಲ್ಲಿ ಬೇಕಾದ್ರೆ ಸೇರಿಸಿ. ನಂಜನಗೂಡಲ್ಲಿ ಕಪಿಲಾ ಮೇಲೆ 1735ರ ಸೇತುವೆ ಇದೆಯಲ್ಲ, ದಳವಾಯಿ ದೇವರಾಜ ಕಟ್ಟಿಸಿದ್ದು. ಒಂದು ಕಾಲಕ್ಕೆ ರೈಲೂ ಅದರ ಮೇಲೆ, ಎತ್ತಿನಗಾಡಿಯೂ ಅದರ ಮೇಲೆ. ಈಗ ಅದು ಪಾರಂಪರಿಕ ಸ್ಮಾರಕ. ಮೈಸೂರು ನಗರಕ್ಕೆ 2017ರಲ್ಲೇ ಟ್ರಿಣ್ ಟ್ರಿಣ್ ಅಂತ 450 ಸೈಕಲ್ ಬಂತು, ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಈ ಊರಿಗೆ ಒಂದು ಸೈಕಲ್ ದಾರಿ ಕೇಳಿದ್ರೆ ಅತಿಯಾಸೆ ಏನಲ್ಲ. ಆ ಸೇತುವೆ ಮೇಲೆ ನಡೆಯೋರಿಗೂ ಸೈಕಲ್ಲಿಗೂ ದಾರಿ ಮಾಡೋಕಾಗುತ್ತಾ, ಕಲ್ಲು ತಡಿಯುತ್ತಾ ಅಂತ ಎಂಜಿನಿಯರ್‌ಗಳು ನೋಡಿ ಹೇಳಲಿ. ಆಗಲ್ಲ ಅಂದ್ರೆ ಕಾರಣ ಬರೆದುಕೊಡಲಿ.

ಅರ್ಜಿ ಕೊಟ್ಟೋರು ಸೀಲ್ ಬಿದ್ದ ಪ್ರತಿಯ ಫೋಟೋ ನಮಗೆ ಕಳಿಸಿ. ಎಣಿಕೆ ಮಾಡಿದ್ರೆ ಅದನ್ನೂ. ಮುಂದಿನ ತಿಂಗಳ ಸಂಚಿಕೆಯಲ್ಲಿ ಯಾವ ಊರಿಂದ ಎಷ್ಟು ಬಂತು, ಕಚೇರಿಯಿಂದ ಏನು ಉತ್ತರ ಬಂತು ಅಂತ ಓದ್ತೀನಿ. ನರಸೀಪುರದೋರು ಮೊದಲು ಕಳಿಸ್ತಾರೋ ನಂಜನಗೂಡಿನೋರೋ ನೋಡೋಣ.